ಎಳೆಗೊಂಬನ್ನು ನಾನು ಬಿಡುವುದಿಲ್ಲ

ಬೇಡವೆಂದದ್ದನ್ನೇ ಮಾಡುವ ಚಾಳಿ ನನಗೆ ಎಲ್ಲಿಂದ ಅಂಟಿತೋ ತಿಳಿಯದು. ನನ್ನ ತಂದೆ ತಾಯಿ ಇಬ್ಬರೂ ಹೇಳಿದ ಮಾತು ಕೇಳುವ ಜನ. ಒಬ್ಬರ ಮಾತನ್ನು ಇನ್ನೊಬ್ಬರು ಎಷ್ಟು ಕೇಳುತ್ತಿದ್ದರೆಂದರೆ, ‘ನೀವು ಹೇಳಿದ ಹಾಗೇ ಆಗಲಿ’, ‘ಇಲ್ಲ, ನೀನು ಹೇಳಿದ ಹಾಗೇ ಆಗಲಿ’ ಎನ್ನುವುದರಲ್ಲೇ ಮೈಸೂರಿನ ನಮ್ಮ ಮನೆಯ ಎಷ್ಟೋ ಕೆಲಸಗಳು ಆಗದೇ ಉಳಿದವು. ನಾನು ಮಾತ್ರ ‘ಬಣ್ಣ ಹಸಿ ಇದೆ, ಮುಟ್ಟಬೇಡಿ’ ಎಂಬ ಹಲಗೆ ಕಂಡರೆ ಮುಟ್ಟಿ ನೋಡಿಯೇ ಮುಂದೆ ಹೋಗುವವಳು. ಈಗ ನನಗೆ ಐವತ್ತೆರಡು. ನೈರೋಬಿಯ ಲ್ಯಾವಿಂಗ್ಟನ್ನಿನಲ್ಲಿ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ, ಅಂದರೆ ದಿನವಿಡೀ ಪರರ ಮಕ್ಕಳಿಗೆ ‘ಬೇಡ, ಬೇಡ’ ಎನ್ನುವುದೇ ನನ್ನ ಉದ್ಯೋಗ. ಆದರೂ ನನಗೆ ಯಾರಾದರೂ ‘ಬೇಡ’ ಎಂದರೆ ಕೈ ತುರಿಸುತ್ತದೆ. ಇದನ್ನೆಲ್ಲ ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಡಾಕ್ಟರ್ ಪೊನ್ನಪ್ಪನವರ ಜಿಂಕೆ ನನ್ನಿಂದ ತಪ್ಪಿಹೋಯಿತು ಎಂದು ಇಲ್ಲಿನ ಕನ್ನಡಿಗರೆಲ್ಲ ಆಡಿಕೊಂಡದ್ದು ನಿಮ್ಮ ಕಿವಿಗೂ ಬಿದ್ದಿರಬಹುದು. ಬಿದ್ದಿದ್ದರೆ ಅದು ನಿಜ. ಕ್ಷಮೆ ಕೇಳುವ ಉದ್ದೇಶ ಮಾತ್ರ ನನಗಿಲ್ಲ.

ಪೊನ್ನಪ್ಪನವರು ಕೊಡಗಿನವರು, ಮೂಳೆ ಡಾಕ್ಟರು. ಹರ್ಲಿಂಗ್‌ಹ್ಯಾಮಿನಲ್ಲಿ ಅವರದೊಂದು ಕ್ಲಿನಿಕ್ಕು. ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅವರ ಅಜ್ಜ ದೊಡ್ಡ ಬೇಟೆಗಾರರಂತೆ. ಮನೆತನದ ಕೋವಿ ಅಲ್ಲೇ ಊರಿನ ಗೋಡೆಯ ಮೇಲೆ ಉಳಿಯಿತು, ಇವರ ಕೈಗೆ ಬಂದದ್ದು ಎಕ್ಸ್‌ರೇ. ಇನ್ನು ಈ ದೇಶದಲ್ಲೋ, ಪ್ರಾಣಿಗಳು ರಸ್ತೆಯ ಪಕ್ಕದಲ್ಲೇ ನಿಂತಿರುತ್ತವೆ, ಆದರೆ ಬೇಟೆ ಕಾನೂನಿಗೆ ವಿರುದ್ಧ. ಹೀಗಾಗಿ ಡಾಕ್ಟರರ ರಕ್ತದಲ್ಲಿದ್ದ ಬೇಟೆಯೆಲ್ಲ ಕ್ಯಾಮೆರಾದೊಳಗೆ ಇಳಿಯಿತು. ಅವರ ಲೆನ್ಸು ನನ್ನ ತೋಳಿಗಿಂತ ಉದ್ದ. ಕೊಡವರು ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಪೋದ್ ಹಬ್ಬದ ದಿನ ಅವರು ಕೋವಿಯ ಬದಲು ಆ ಲೆನ್ಸನ್ನು ಮಣೆಯ ಮೇಲಿಟ್ಟು, ಗಂಧ ಹಚ್ಚಿ, ಹೂ ಮುಡಿಸುತ್ತಾರೆ. ಒಮ್ಮೆ ಗಂಧ ಗಾಜಿಗೇ ಮೆತ್ತಿ, ಆ ತಿಂಗಳು ತೆಗೆದ ಆನೆಗಳಿಗೆಲ್ಲ ನಾಮ ಬಂದಿತ್ತು. ಭಾನುವಾರ ಬೆಳಗ್ಗೆ ಅವರು ಮೇಲ್ಛಾವಣಿ ತೆರೆಯುವ ತಮ್ಮ ವ್ಯಾನಿನಲ್ಲಿ ನ್ಯಾಷನಲ್ ಪಾರ್ಕಿಗೆ ಹೊರಟರೆಂದರೆ ಅದು ಶಿಕಾರಿಯೇ. ಪಿಸುಮಾತು ಮಾತ್ರ. ಸೆಂಟು ಹಾಕಿಕೊಳ್ಳುವಂತಿಲ್ಲ. ಕೆಂಪು ಬಟ್ಟೆ ಉಡುವಂತಿಲ್ಲ. ಚಕ್ಕುಲಿಯಂಥ ಸದ್ದು ಮಾಡುವ ತಿಂಡಿ ತರುವಂತಿಲ್ಲ.

ಈ ತಂಡಕ್ಕೆ ನಾನು ಸೇರಿದ್ದು ನನ್ನ ಐವತ್ತನೇ ಹುಟ್ಟುಹಬ್ಬಕ್ಕೆ ನಮ್ಮ ಯಜಮಾನರು ಕ್ಯಾಮೆರಾ ಕೊಡಿಸಿದ ಮೇಲೆ. ನಾನು ಕೇಳಿದ್ದು ಮಿಕ್ಸಿ. ಶ್ರೀಧರರು ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ ಮಾಡುವವರು. ಅಲ್ಲಿ ಕೇಳಿದ್ದೊಂದು ಕೊಡುವುದೊಂದು ಮಾಡಿ ಅಭ್ಯಾಸವಾಗಿದೆ. ಇರಲಿ, ಕ್ಯಾಮೆರಾ ಬಂತು, ಡಾಕ್ಟರು ವ್ಯಾನಿನಲ್ಲಿ ಒಂದು ಸೀಟು ಕೊಟ್ಟರು. ಜತೆಗೆ ಒಂದು ನಿಯಮವನ್ನೂ ಕೊಟ್ಟರು: ಗಂಡು ಜಿಂಕೆ ಕಂಡರೆ ಬಲಿತದ್ದನ್ನು ಮಾತ್ರ ತೆಗೆಯಬೇಕು. ಕೊಂಬು ಚಿಗುರುತ್ತಿರುವ ಎಳೆಯದನ್ನು ಬಿಟ್ಟುಬಿಡಬೇಕು.

ಇಲ್ಲಿ ಇಂಪಾಲಾ ಎನ್ನುವ ಜಿಂಕೆ ಇದೆ. ಸ್ವಾಹಿಲಿಯಲ್ಲಿ ಸ್ವಾಲಾ. ಬಲಿತ ಗಂಡಿನ ಕೊಂಬು ವೀಣೆಯ ಬಾಗಿನಂತೆ ಹೊರಗೆ ಬಳುಕಿ ಮತ್ತೆ ಮೇಲೆದ್ದು, ಮೈತುಂಬ ಬಳೆ ತೊಟ್ಟ ಹಾಗಿರುತ್ತದೆ. ಎಳೆ ಗಂಡಿಗೆ ಗೇಣುದ್ದದ ಎರಡು ಗೂಟ, ಅಷ್ಟೆ. ಡಾಕ್ಟರಿಗೆ ಅಂಥ ಗೂಟ ಕಂಡರಾಗದು. ‘ಬಿಡಿ ಟೀಚರೇ, ಇನ್ನೂ ಎಳೇದು, ಬಲೀಲಿ’ ಎಂದು ಪಿಸುಗುಟ್ಟುತ್ತಿದ್ದರು. ಮೊದಲ ಆರು ತಿಂಗಳು ನಾನು ಬಿಟ್ಟೆ. ಹೊಸದಾಗಿ ಬಂದ ಸೊಸೆಯ ಹಾಗೆ ಬಾಯಿ ಮುಚ್ಚಿಕೊಂಡು ಬಿಟ್ಟೆ. ಆಮೇಲೆ ಒಂದು ದಿನ ಕೇಳಿಯೇಬಿಟ್ಟೆ: ‘ಯಾಕೆ ಡಾಕ್ಟ್ರೇ?’

‘ಎಳೇದನ್ನ ಹೊಡೆದ್ರೆ ಹಿಂಡು ಬೆಳೆಯೋದು ಹೇಗೆ? ನಾಳೆಗೆ ಬಲಿತದ್ದು ಉಳಿಯೋದು ಹೇಗೆ? ಬೇಟೆಗೂ ಒಂದು ಧರ್ಮ ಇದೆ.’

‘ಆದ್ರೆ ನಾವು ತೆಗೆಯೋದು ಫೋಟೋ ಅಲ್ವಾ?’

‘ಧರ್ಮ ಧರ್ಮವೇ’ ಎಂದರು ಡಾಕ್ಟರು.

ಈ ಉತ್ತರ ಕೇಳಿ ನನ್ನ ಹಳೆಯ ಚಾಳಿ ಕಣ್ಣು ಬಿಟ್ಟಿತು. ಅವತ್ತಿನಿಂದ ವಾದಗಳನ್ನು ಕೂಡಿಸತೊಡಗಿದೆ. ಕನ್ನಡಿಗರಷ್ಟು ಎಳೆಯದನ್ನು ಮೆಚ್ಚುವ ಜನ ಬೇರೆ ಯಾರಿದ್ದಾರೆ? ನಮಗೆ ಎಳನೀರು ಬೇಕು, ಎಳ್ಳಷ್ಟೂ ಬೀಜವಿಲ್ಲದ ಎಳೆ ಬದನೆ ಬೇಕು, ಎಳೆಸೌತೆ ಬೇಕು, ಬೆಳಗಿನ ಮಾತಿಗೆ ಎಳೆಬಿಸಿಲು ಬೇಕು. ಖುದ್ದು ಡಾಕ್ಟರೇ ತರಕಾರಿ ಮಾರುಕಟ್ಟೆಯಲ್ಲಿ ಬೆಂಡೆಕಾಯಿಯ ತುದಿಯನ್ನು ಟಕ್ಕನೆ ಮುರಿದು, ಮುರಿಯದ್ದನ್ನು ‘ಬಲಿತು ಹೋಗಿದೆ’ ಎಂದು ಪಕ್ಕಕ್ಕೆಸೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಗಡಿಯ ಹೆಂಗಸು ಒಮ್ಮೆ ಅವರಿಗೆ ಬೈದದ್ದನ್ನೂ ಕೇಳಿದ್ದೇನೆ. ಇದನ್ನು ವ್ಯಾನಿನಲ್ಲಿ ಹೇಳಿದಾಗ ಡಾಕ್ಟರು ಕಿಟಕಿಯಾಚೆ ಇಲ್ಲದ ಹಕ್ಕಿಯೊಂದನ್ನು ತೋರಿಸಿದರು. ಡ್ರೈವರ್ ಮ್ವಾಂಗಿ ಮಾತ್ರ, ಅವನಿಗೆ ಕನ್ನಡ ತಿಳಿಯದಿದ್ದರೂ, ‘ಬೆಂಡೆಕಾಯಿ’ ಎಂಬುದೊಂದನ್ನು ಹಿಡಿದು ನಕ್ಕ. ಹದಿನೈದು ವರ್ಷ ಡಾಕ್ಟರ ಮನೆಯ ಊಟ ಮಾಡಿದವನು ಅವನು.

ಆ ಭಾನುವಾರ ಬಂದದ್ದು ಹೀಗೆ. ಕನ್ನಡ ಬಳಗದವರು ಯುಗಾದಿಗೆ ವೆಸ್ಟ್‌ಲ್ಯಾಂಡ್ಸಿನ ಒಂದು ಸಭಾಂಗಣದಲ್ಲಿ ಸೇರುವಾಗ ಫೋಟೋ ಪ್ರದರ್ಶನ ಇಡುವುದೆಂದು ತೀರ್ಮಾನವಾಗಿತ್ತು. ತಲೆಗೆ ಒಂದೇ ಚಿತ್ರ. ಡಾಕ್ಟರಿಗೆ ಬೇಕಾಗಿದ್ದದ್ದು ಒಂದೇ ಒಂದು ಗಂಡು. ಪಾರ್ಕಿನ ದಕ್ಷಿಣದ ಕಡೆ ಹಳದಿ ಮರಗಳ ಕೆಳಗೆ ಓಡಾಡುವ, ಎಡಗಿವಿ ಹರಿದ, ಮೂರು ವರ್ಷದಿಂದ ಅವರಿಗೆ ಬೆನ್ನನ್ನಷ್ಟೇ ತೋರಿಸುತ್ತಿದ್ದ ಒಂದು ಭಾರೀ ಸ್ವಾಲಾ. ಅವತ್ತು ಅದು ಸಿಕ್ಕಿತು. ಮರದ ನೆರಳಿನಿಂದ ಹೊರಗೆ ಬಂದು, ಕುತ್ತಿಗೆ ಚಾಚಿ, ಗೊರಕೆಯೂ ಗರ್ಜನೆಯೂ ಸೇರಿದ ಸದ್ದು ಮಾಡುತ್ತ ನಿಂತಿತ್ತು. ಇನ್ನೊಂದು ಹೆಜ್ಜೆ ತಿರುಗಿದರೆ ಬೆಳಕು ಕೊಂಬಿನ ಮೇಲೆ ಬೀಳುತ್ತಿತ್ತು. ಡಾಕ್ಟರು ಉಸಿರು ಹಿಡಿದುಕೊಂಡಿದ್ದರು. ಮ್ವಾಂಗಿ ಇಂಜಿನ್ ಆರಿಸಿದ್ದ.

ಆಗ ನಾನು ನೋಡಿದ್ದು ಬೇರೆ ಕಡೆ. ಆ ದೊಡ್ಡದು ಸದ್ದು ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ. ತನ್ನ ಹಿಂಡಿನಲ್ಲೇ ಹುಟ್ಟಿ ಬೆಳೆದ ಒಂದು ಎಳೆ ಗಂಡನ್ನು ಹೊರಗೆ ಅಟ್ಟುತ್ತಿತ್ತು. ಕೊಂಬು ಮೂಡಿದ ತಪ್ಪಿಗೆ ಗಂಡುಮರಿಗಳನ್ನು ಹಿಂಡಿನಿಂದ ಓಡಿಸುವುದು ಇವುಗಳ ಪದ್ಧತಿ, ಇದನ್ನು ನಾನೇ ತರಗತಿಯಲ್ಲಿ ಹೇಳಿಕೊಡುತ್ತೇನೆ. ಆದರೆ ಹೇಳಿಕೊಡುವುದು ಬೇರೆ, ನೋಡುವುದು ಬೇರೆ. ಆ ಎಳೆಯದು ಮೂರು ಸಲ ಹಿಂಡಿನ ಕಡೆ ಹೋಗಿ ಮೂರು ಸಲವೂ ಅಟ್ಟಿಸಿಕೊಂಡು, ಕೊನೆಗೆ ನಮ್ಮ ವ್ಯಾನಿನ ಪಕ್ಕಕ್ಕೆ ಬಂದು ನಿಂತಿತು. ನಾಲ್ಕು ಕಾಲನ್ನೂ ಒಂದೊಂದು ದಿಕ್ಕಿಗೆ ಇಟ್ಟುಕೊಂಡು, ಎರಡು ಗೂಟ ಹೊತ್ತು, ನನ್ನ ಮುಖ ನೋಡಿತು. ತರಗತಿಯಿಂದ ಹೊರಗೆ ನಿಲ್ಲಿಸಿದ ಹುಡುಗರು ಹೀಗೇ ನೋಡುತ್ತಾರೆ. ನಾನು ಕ್ಯಾಮೆರಾ ಎತ್ತಿದೆ.

‘ಬಿಡಿ, ಟೀಚರೇ, ಬಿಡಿ!’ ಡಾಕ್ಟರರ ಪಿಸುಮಾತು ಹಾವು ಬುಸುಗುಟ್ಟಿದ ಹಾಗೆ ಬಂತು. ‘ಎಳೇದು ಅದು!’

ಒತ್ತಿದೆ. ನನ್ನ ಕ್ಯಾಮೆರಾಕ್ಕೆ ಒಂದು ಚಿತ್ರ ತೆಗೆದು ಸುಮ್ಮನಾಗುವ ಗುಣವಿಲ್ಲ, ಅಥವಾ ಅದಕ್ಕೆ ಆ ಗುಣ ಕಲಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಟಕಟಕಟಕಟಕ ಎಂದು ಹೊಲಿಗೆ ಯಂತ್ರದ ಹಾಗೆ ಹೊಡೆದುಕೊಂಡಿತು. ದೊಡ್ಡದು ಬೆಳಕಿಗೆ ತಿರುಗಬೇಕಾದ ಆ ಒಂದು ಹೆಜ್ಜೆಯನ್ನು ನೆರಳಿನ ಕಡೆ ತಿರುಗಿಸಿ, ಒಂದೇ ನೆಗೆತಕ್ಕೆ ಪೊದೆಯ ಆಚೆ ಹಾರಿತು. ಡಾಕ್ಟರರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಎಂದಿನ ಹಾಗೆ ಬೆನ್ನು.

ನನ್ನನ್ನು ಮನೆಯ ಗೇಟಿನ ಹತ್ತಿರ ಇಳಿಸುವಾಗ ಡಾಕ್ಟರು ಬಹಳ ಮರ್ಯಾದೆಯಿಂದ ಹೇಳಿದರು: ‘ಟೀಚರೇ, ನನ್ನ ವ್ಯಾನಿನಲ್ಲಿ ನನ್ನ ನಿಯಮ. ಪಾಲಿಸೋ ಹಾಗಿದ್ರೆ ಬನ್ನಿ, ಇಲ್ದಿದ್ರೆ ಬೇಡ.’

‘ಹಾಗಾದ್ರೆ ಬರಲ್ಲ’ ಎಂದೆ. ‘ನಮ್ಮ ಕಾರಲ್ಲೇ ಹೋಗ್ತೀನಿ. ಹೋಗಿ ಎಳೇದನ್ನೇ ತೆಗೀತೀನಿ.’

ಮನೆಯಲ್ಲಿ ಇದನ್ನೆಲ್ಲ ಆವೇಶದಿಂದ ವರ್ಣಿಸಿದೆ. ಹದಿನೇಳು ವರ್ಷದ ಮಗಳು ಅನನ್ಯ ಕನ್ನಡದಲ್ಲಿ ಕೇಳಿಸಿಕೊಂಡು, ಫೋನಿನಿಂದ ಕಣ್ಣೆತ್ತದೆ, ‘ಅಮ್ಮ, ಇಟ್ಸ್ ಎ ಫೋಟೋ. ನೋಬಡಿ ಡೈಡ್’ ಎಂದಳು. ನನ್ನ ಇಷ್ಟು ದಿನದ ವಾದವನ್ನು ಹುಡುಗಿ ಎರಡು ವಾಕ್ಯದಲ್ಲಿ ಮುಗಿಸಿದ್ದಳು. ಶ್ರೀಧರರು ಗದಗಿನವರು, ಜಗಳವೆಂದರೆ ಆಗದು. ‘ಒಂದ್ ಮಾತು ಸಾರಿ ಅಂದ್ರ ಮುಗೀತಲ್ಲ ಸುಧಾ’ ಎಂದರು. ನಾನು ನೋಡಿದ ನೋಟಕ್ಕೆ, ‘ಆತು, ಮುಂದಿನ ವಾರ ನಾನ ಕಾರ್ ಹೊಡೀತೀನಿ’ ಎಂದು ದಾರಿಗೆ ಬಂದರು.

ಮುಂದಿನ ವಾರದೊಳಗೆ ಮಳೆ ಹಿಡಿಯಿತು. ನಮ್ಮದು ನೆಲಕ್ಕೆ ಹತ್ತಿರವಾದ ಪುಟ್ಟ ಕಾರು. ಪಾರ್ಕಿನ ಗೇಟಿನಲ್ಲೇ ಕಾವಲುಗಾರ್ತಿ, ‘ಒಳದಾರಿಗೆ ಇಳಿಯಬೇಡಿ, ಕೆಸರಿದೆ’ ಎಂದಿದ್ದಳು. ಬೇಡ ಎಂದಿದ್ದಳು, ಗಮನಿಸಿ. ‘ರೀ, ಒಳದಾರೀಲೇ ಹೋಗೋಣ’ ಎಂದೆ. ಶ್ರೀಧರರು ಹಿಂದುಮುಂದು ನೋಡಲಿಲ್ಲ. ‘ಎರಿ ಮಣ್ಣಲ್ಲೇನ ಇದು? ನಮ್ಮ ಹೊಲದಾಗ ಇದರಾಗ ಹುಟ್ಟಿ ಬೆಳದಾಂವ ನಾನು’ ಎಂದು ಸ್ಟೀರಿಂಗ್ ತಿರುಗಿಸಿದರು. ಎರೆಮಣ್ಣು ನಿಜವೇ. ಆದರೆ ಗದಗಿನ ಎರೆ ಅವರನ್ನು ಗುರುತು ಹಿಡಿಯುತ್ತಿತ್ತೇನೋ, ನೈರೋಬಿಯ ಎರೆ ಹಿಡಿಯಲಿಲ್ಲ. ಇನ್ನೂರು ಗಜ ಹೋಗುವಷ್ಟರಲ್ಲಿ ಕಾರು ಹೊಟ್ಟೆಯವರೆಗೆ ಕೂತುಬಿಟ್ಟಿತು. ಇಳಿದು ತಳ್ಳೋಣವೆಂದರೆ ಪಾರ್ಕಿನಲ್ಲಿ ಕೆಳಗಿಳಿಯುವಂತಿಲ್ಲ. ಈ ಒಂದು ನಿಯಮವನ್ನು ಮಾತ್ರ ನಾನು ಎಂದೂ ಮುರಿದಿಲ್ಲ, ಸಿಂಹಗಳು ನನ್ನ ಸ್ವಭಾವವನ್ನು ಅರ್ಥ ಮಾಡಿಕೊಳ್ಳುತ್ತವೆಂಬ ನಂಬಿಕೆ ನನಗಿಲ್ಲ. ಪಾರ್ಕಿನವರಿಗೆ ಫೋನು ಮಾಡಿದೆವು. ಟ್ರ್ಯಾಕ್ಟರು ಬರುತ್ತದೆ, ಕಾರಿನಲ್ಲೇ ಕೂತಿರಿ ಎಂದರು.

ಅರ್ಧ ಗಂಟೆಯ ಮೇಲೆ ಬಂದದ್ದು ಟ್ರ್ಯಾಕ್ಟರಲ್ಲ, ಡಾಕ್ಟರ ವ್ಯಾನು. ಅಷ್ಟು ದೊಡ್ಡ ಕಾಡಿನಲ್ಲಿ ಅವರು ಅದೇ ದಾರಿಗೆ ಯಾಕೆ ಬರಬೇಕು? ಮ್ವಾಂಗಿ ವ್ಯಾನನ್ನು ಗಟ್ಟಿ ನೆಲ ನೋಡಿ ನಮ್ಮ ಪಕ್ಕಕ್ಕೆ ತಂದು ನಿಲ್ಲಿಸಿ, ‘ಪೋಲೆ ಸಾನಾ, ಮ್ವಾಲಿಮು’ ಎಂದ. ಛೆ ಪಾಪ, ಟೀಚರೇ, ಎಂದ ಹಾಗೆ. ನನಗೆ ಅದರಲ್ಲಿ ಪಾಪಕ್ಕಿಂತ ನಗೆಯೇ ಹೆಚ್ಚು ಕೇಳಿಸಿತು. ಡಾಕ್ಟರು ಎತ್ತರದ ಕಿಟಕಿಯಿಂದ ಕೆಳಗೆ ನಮ್ಮ ಕಾರನ್ನು, ಮುರಿದ ಕಾಲನ್ನು ನೋಡುವ ಹಾಗೆ, ನೋಡಿದರು.

‘ಹಗ್ಗ ಹಾಕಿ ಎಳೆಯೋಣ ಅಂದ್ರೆ ಕೆಳಗಿಳಿಯೋ ಹಾಗಿಲ್ಲ. ಟ್ರ್ಯಾಕ್ಟರ್ ಬರೋವರೆಗೆ ನಾವಿಲ್ಲೇ ಇರ್ತೀವಿ’ ಎಂದರು.

‘ನಿಮ್ಮ ಶಿಕಾರಿ ಕೆಡುತ್ತೆ. ನೀವು ಹೋಗಿ ಡಾಕ್ಟ್ರೇ’ ಎಂದೆ.

‘ಹೋಗಲ್ಲ’ ಎಂದರು. ಬೇಡ ಎಂದದ್ದನ್ನು ಮಾಡುವ ಚಾಳಿ ನನ್ನೊಬ್ಬಳ ಸ್ವತ್ತೇನೂ ಅಲ್ಲ.

ಫ್ಲಾಸ್ಕು ಕಿಟಕಿಯಿಂದ ಕಿಟಕಿಗೆ ಇಳಿಯಿತು. ಕೊಡಗಿನ ಕಾಫಿಪುಡಿ. ಆ ಕಾಫಿ ಕುಡಿಯುತ್ತ ಯಾರೂ ಜಗಳ ಮುಂದುವರಿಸಲಾರರು, ಆದರೆ ನಾನು ಪ್ರಯತ್ನಿಸಿದೆ. ಸುತ್ತ ಹತ್ತು ಹನ್ನೆರಡು ಎಳೆ ಗಂಡುಗಳು ಮೇಯುತ್ತಿದ್ದವು. ಹಿಂಡಿನಿಂದ ಹೊರಗೆ ಬಿದ್ದವೆಲ್ಲ ಒಟ್ಟಾಗಿ ಹಾಸ್ಟೆಲು ಮಾಡಿಕೊಂಡ ಹಾಗೆ ಇರುತ್ತವೆ. ನಾನು ಬೇಕೆಂದೇ ಕ್ಯಾಮೆರಾ ಎತ್ತಿ ಟಕಟಕಿಸಿದೆ. ‘ಮ್ವಾಂಗಿ, ನೀನೇ ಹೇಳು. ಎಳೆಯದೋ ಬಲಿತದ್ದೋ?’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ‘ಸಿಂಹ ಎಳೆಯದನ್ನೇ ಹಿಡಿಯೋದು, ಮ್ವಾಲಿಮು. ಬಲಿತದ್ದು ಓಡುತ್ತೆ’ ಎಂದ.

‘ಕೇಳಿದ್ರಾ ಡಾಕ್ಟ್ರೇ? ಸಿಂಹಕ್ಕಿಲ್ಲದ ಧರ್ಮ ನಮಗ್ಯಾಕೆ?’

ಡಾಕ್ಟರು ನಗಲಿಲ್ಲ. ಲೆನ್ಸಿನ ಮುಚ್ಚಳವನ್ನು ತಿರುಗಿಸುತ್ತ ಕೂತರು. ಆಮೇಲೆ ಹೇಳಿದರು: ‘ನಂಗೆ ಹದಿನಾಲ್ಕು ವರ್ಷ ಟೀಚರೇ. ಇನ್ನೂ ಬೇಟೆ ನಿಂತಿರಲಿಲ್ಲ. ತಾತ ಮೊದಲನೇ ಸಲ ಕೋವಿ ಕೈಗೆ ಕೊಟ್ರು. ದೊಡ್ಡದೊಂದು ಕಡವೆ ಬರುತ್ತೆ, ಕಾಯಿ ಅಂದ್ರು. ಮುಂದೆ ಒಂದು ಮರಿ ಗಂಡು ಬಂತು. ನಂಗೆ ತಡೆಯಕ್ಕಾಗ್ಲಿಲ್ಲ. ಹೊಡೆದೆ. ಹತ್ರ ಹೋಗಿ ನೋಡಿದ್ರೆ ಕೊಂಬಿನ ಮೇಲೆ ಇನ್ನೂ ಮಖಮಲ್ಲಿನ ಹಾಗೆ ಚರ್ಮ ಇತ್ತು. ಬಿಸಿಯಾಗಿತ್ತು. ತಾತ ಬೈಲಿಲ್ಲ. ಕೋವಿ ವಾಪಸ್ ಇಸ್ಕೊಂಡ್ರು, ಅಷ್ಟೇ. ಮತ್ತೆ ಕೊಡಲಿಲ್ಲ. ನಾನೂ ಕೇಳಲಿಲ್ಲ.’

ಕಾರಿನೊಳಗೆ ಶ್ರೀಧರರು ನನ್ನ ಮೊಣಕೈಯನ್ನು ಮೆಲ್ಲನೆ ತಿವಿದರು. ಸಾರಿ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ಅದರ ಅರ್ಥ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ.

‘ಡಾಕ್ಟ್ರೇ, ನಿಮ್ಮ ಕಡವೆ ಸತ್ತೋಯ್ತು. ನಾನು ಹೊಡೆದದ್ದು ಆಮೇಲೂ ಹುಲ್ಲು ಮೇಯ್ತಿತ್ತು. ಅವತ್ತು ನಾವು ವಾಪಸ್ ಹೊರಟ್ವಲ್ಲ, ಆವಾಗ್ಲೂ ಮೇಯ್ತಾನೇ ಇತ್ತು. ನೀವು ಬೆನ್ನು ನೋಡ್ತಿದ್ರಿ, ಅದನ್ನ ನೋಡ್ಲಿಲ್ಲ.’

ಶ್ರೀಧರರು ಕಣ್ಣು ಮುಚ್ಚಿಕೊಂಡರು. ಡಾಕ್ಟರು ನನ್ನನ್ನೇ ನೋಡಿದರು. ಅರವತ್ತೆಂಟರ ಆ ಮುಖದಲ್ಲಿ ಏನೋ ಒಂದು ಸಡಿಲಾದ ಹಾಗಾಯಿತು. ‘ಹೌದಲ್ವಾ?’ ಎಂದರು, ನನಗಲ್ಲ, ಯಾರಿಗೋ. ಮತ್ತೆ, ‘ಕಾಫಿ ಇನ್ನೊಂದು ಚೂರಿದೆ, ಹಾಕಲಾ?’ ಎಂದರು.

ಆ ಹೊತ್ತಿಗೇ ಅದು ಬರಬೇಕೆ? ಹರಿದ ಕಿವಿಯ ಆ ದೊಡ್ಡ ಗಂಡು, ನಮ್ಮ ಕಾರಿನ ಮೂತಿಯಿಂದ ಇಪ್ಪತ್ತು ಹೆಜ್ಜೆ ಮುಂದೆ, ಮೋಡ ಸರಿದು ಬಿದ್ದ ಬಿಸಿಲಿನಲ್ಲಿ ಕೊಂಬೆತ್ತಿ ನಿಂತಿತು. ಡಾಕ್ಟರರ ಎತ್ತರದ ಕಿಟಕಿಗೆ ಒಂದು ಮುಳ್ಳಿನ ಮರ ಅಡ್ಡ. ವ್ಯಾನು ಅಲ್ಲಾಡಿದರೆ ಅದು ಓಡುತ್ತದೆ. ಕೆಸರಿನಲ್ಲಿ ಹೂತ ನನ್ನ ಕಾರಿನಿಂದ ಮಾತ್ರ ನೆಲಮಟ್ಟದಲ್ಲಿ, ಆಕಾಶವೇ ಹಿಂದೆ, ಅಡಿಯಿಂದ ಮುಡಿಯವರೆಗೆ ಕಾಣುತ್ತಿತ್ತು.

‘ತೆಗೀರಿ ಟೀಚರೇ’ ಡಾಕ್ಟರು ಉಸಿರಿನಲ್ಲಿ ಹೇಳಿದರು. ‘ದಯವಿಟ್ಟು. ನೀವೇ ತೆಗೀರಿ. ಇಂಥದ್ದು ಮತ್ತೆ ಸಿಗಲ್ಲ.’

‘ನಂಗೆ ಬೇಡ’ ಎಂದೆ. ‘ಬಲಿತದ್ದನ್ನ ನಾನು ಬಿಡ್ತೀನಿ.’

ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು, ಕೈಯನ್ನು ಅದರ ಮೇಲಿಟ್ಟು, ಕೂತೆ. ದೊಡ್ಡದು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಸ್ಟುಡಿಯೋದಲ್ಲಿ ಮದುವೆ ಗಂಡು ನಿಂತ ಹಾಗೆ ನಿಂತಿತು. ಮ್ವಾಂಗಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಶ್ರೀಧರರು ತಮ್ಮ ಫೋನು ತೆಗೆಯಲು ಹೋದರು, ಅವರ ಕೈಯನ್ನೂ ಒತ್ತಿ ಹಿಡಿದೆ. ಪೂರಾ ಒಂದು ನಿಮಿಷದ ಮೇಲೆ ಅದು ನಿಧಾನವಾಗಿ ನಡೆದು ಹೋಯಿತು. ನಾನು ಗೆದ್ದೆ. ಆ ಕೊಂಬಿನ ಬಳೆಗಳ ಮೇಲೆ ಬಿದ್ದಿದ್ದ ಬೆಳಕನ್ನು ನೆನೆದು ಇವತ್ತಿಗೂ ನಡುರಾತ್ರಿ ಎದ್ದು ಕೂರುತ್ತೇನೆ. ಆದರೆ ಅದನ್ನು ಡಾಕ್ಟರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವರೋ, ಹಲ್ಲು ಕಚ್ಚಿಕೊಂಡಿದ್ದವರು ಇದ್ದಕ್ಕಿದ್ದ ಹಾಗೆ ನಗಲು ಶುರು ಮಾಡಿದರು. ವ್ಯಾನು ಕುಲುಕುವಷ್ಟು ನಕ್ಕರು. ‘ನಿಮ್ಮಂಥ ಹಟದವರನ್ನ ನಮ್ಮ ತಾತ ನೋಡಬೇಕಿತ್ತು’ ಎಂದರು. ಸದ್ದಿಗೆ ಹಾಸ್ಟೆಲಿನ ಹುಡುಗರೆಲ್ಲ ಚದುರಿ ಓಡಿದರು. ಅಷ್ಟರಲ್ಲಿ ಟ್ರ್ಯಾಕ್ಟರು ಬಂತು.

ಯುಗಾದಿಯ ಪ್ರದರ್ಶನಕ್ಕೆ ಡಾಕ್ಟರು ಒಂದು ಬೆನ್ನಿನ ಚಿತ್ರವನ್ನೇ ಕೊಟ್ಟರು. ನಾನು ಕೊಟ್ಟದ್ದು ಹಿಂಡಿನಿಂದ ಅಟ್ಟಿಸಿಕೊಂಡಿದ್ದ ಆ ಎಳೆಗೊಂಬಿನ ಜಿಂಕೆಯನ್ನು. ಅದನ್ನು ಎಲ್ಲಿ ತೂಗುಹಾಕುವುದೆಂಬ ಚರ್ಚೆಯಾಗಿ, ಕೊನೆಗೆ ಬಿಸಿಬೇಳೆಬಾತಿನ ಪಾತ್ರೆಯ ಹಿಂದಿನ ಗೋಡೆಗೆ ಹಾಕಿದರು. ಅವಮಾನವೆಂದು ನಮ್ಮ ಮನೆಯವರು ಮುಖ ಸಿಂಡರಿಸಿದರು. ನನಗೇನೂ ಬೇಸರವಿಲ್ಲ. ಇಡೀ ಸಭಾಂಗಣದಲ್ಲಿ ಜನ ತಟ್ಟೆ ಹಿಡಿದು ಕಾಲು ಗಂಟೆ ಅಲ್ಲಾಡದೆ ನಿಂತು ನೋಡಿದ ಚಿತ್ರ ಅದೊಂದೇ. ಬಹುಮಾನ ಯಾವುದೋ ಸೂರ್ಯಾಸ್ತಕ್ಕೆ ಹೋಯಿತು. ಊಟವಾದ ಮೇಲೆ ಡಾಕ್ಟರು ಬಂದು, ಕೈ ಒರೆಸಿಕೊಳ್ಳುತ್ತ, ‘ಟೀಚರೇ, ಇದನ್ನ ನಂಗೆ ಕೊಡಿ. ಕ್ಲಿನಿಕ್ಕಲ್ಲಿ ಹಾಕ್ತೀನಿ’ ಎಂದರು. ನಾನೇ ಗೋಡೆಯಿಂದ ಬಿಚ್ಚಿ ಅವರ ಕೈಗಿಟ್ಟೆ.

ಹೋದ ತಿಂಗಳು ಮಂಡಿ ನೋವೆಂದು ಅವರ ಕ್ಲಿನಿಕ್ಕಿಗೆ ಹೋಗಿದ್ದೆ. ಕಾಯುವ ಕೋಣೆಯಲ್ಲಿ, ಎಲ್ಲರಿಗೂ ಎದುರಿಗೆ, ದೊಡ್ಡ ಚೌಕಟ್ಟಿನೊಳಗೆ ನನ್ನ ಎಳೆಗೊಂಬು ನಾಲ್ಕು ದಿಕ್ಕಿಗೆ ಕಾಲಿಟ್ಟು ನಿಂತಿತ್ತು. ನಾನು ಅದರ ಕೆಳಗಿನ ಕುರ್ಚಿಯನ್ನೇ ಹುಡುಕಿ ಕೂತೆ. ಯಾರಾದರೂ ಕೇಳಲಿ, ಇಡೀ ಕಥೆಯನ್ನು ಮೊದಲಿನಿಂದ ಹೇಳಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡು ಕಾದೆ. ಪಕ್ಕದಲ್ಲಿ ಊರುಗೋಲು ಹಿಡಿದ ಒಬ್ಬ ಶೋಶೋ ಇದ್ದಳು. ಇಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ತಲೆಗೆ ವಸ್ತ್ರ ಕಟ್ಟಿದ, ಹಳ್ಳಿಯಿಂದ ಬಂದ ಗಟ್ಟಿ ಅಜ್ಜಿ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿ, ತಲೆದೂಗಿ, ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ಕೇಳಿದಳು: ‘ಹುಯು ಎಂಬುಜಿ ನಿ ವಾ ನಾನಿ?’ ಈ ಮೇಕೆ ಯಾರದು?

ಕಾನೂನು, ಧರ್ಮ, ಡಾಕ್ಟರು, ಗೇಟಿನ ಕಾವಲುಗಾರ್ತಿ, ಯಾರಿಗೂ ಜಗ್ಗದವಳು ನಾನು. ಅಜ್ಜಿಯ ಮುಖ ನೋಡಿದೆ. ಅವಳ ಕೈಯ ಊರುಗೋಲನ್ನೂ ನೋಡಿದೆ.

‘ವಾ ಡಕ್ತಾರಿ’ ಎಂದೆ. ಡಾಕ್ಟರದು.